ಕಿವುಡರು ಮುಖಭಾವವನ್ನು ಅರಿಯುವ ಬಗೆ

ಎದುರಿಗಿರುವವರ ಮುಖ ನೋಡಿ ಅವರ ಮನದ ಭಾವವನ್ನು ಗುರುತಿಸುವ ಶಕ್ತಿಯನ್ನು ಅಳೆಯಲು ಮನೋವಿಜ್ಞಾನದಲ್ಲಿ ಹಲವು ಪರೀಕ್ಷೆಗಳಿವೆ. ಕಿವಿ ಕೇಳದವರಿಗೆ ಕಣ್ಣು ಚುರುಕು, ಆದ್ದರಿಂದ ಈ ಶಕ್ತಿಯೂ ಹೆಚ್ಚು ಎಂಬ ನಂಬಿಕೆ ಜನರಲ್ಲಿದೆ. ಸಂಶೋಧನೆಗಳು ಹೇಳುವುದು ಇಷ್ಟು ಸರಳವಲ್ಲ.

ಪರೀಕ್ಷೆಯ ವಿಧಾನ

ಅಮೆರಿಕದ ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ 1976ರಲ್ಲಿ ಪ್ರಕಟಿಸಿದ ಮುಖಭಾವಗಳ ಛಾಯಾಚಿತ್ರಗಳು ಇಂತಹ ಪರೀಕ್ಷೆಗಳಲ್ಲಿ ಬಹಳ ಬಳಕೆಯಾಗಿವೆ. ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಆಶ್ಚರ್ಯ ಎಂಬ ಆರು ಭಾವಗಳು ಅವುಗಳಲ್ಲಿ ಪ್ರಧಾನ. ಭರತಮುನಿಯ ಎಂಟು ಸ್ಥಾಯಿಭಾವಗಳನ್ನು ಬಲ್ಲವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಚಿತ್ರವನ್ನು ತೋರಿಸಿ ಭಾವದ ಹೆಸರನ್ನು ಆರಿಸುವಂತೆ ಕೇಳುವುದು ರೂಢಿ.

ಸಂಜ್ಞಾಭಾಷೆ ಮತ್ತು ಮುಖ

ಸಂಜ್ಞಾಭಾಷೆಯಲ್ಲಿ ಮುಖವು ಭಾವವನ್ನಷ್ಟೇ ಅಲ್ಲದೆ ವ್ಯಾಕರಣವನ್ನೂ ಹೊರುತ್ತದೆ. ಅಮೆರಿಕದ ಸಂಜ್ಞಾಭಾಷೆಯಲ್ಲಿ ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಏನು, ಎಲ್ಲಿ ಎಂಬ ಪ್ರಶ್ನೆಗೆ ಹುಬ್ಬು ಗಂಟಿಕ್ಕುತ್ತದೆ. ಅದನ್ನು ಕೋಪವೆಂದು ತಿಳಿಯುವಂತಿಲ್ಲ. ಈ ಭಾಷೆಯನ್ನಾಡುವ ಕಿವುಡರು ಮುಖದ ಸೂಕ್ಷ್ಮ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುತ್ತಾರೆಂದು ಮೆಕಲ್ಲಾ ಮತ್ತು ಎಮೊರಿ 1997ರಲ್ಲಿ ತೋರಿಸಿದರು. ಆದರೆ ವ್ಯತ್ಯಾಸವನ್ನು ಕಾಣುವುದು ಬೇರೆ, ಭಾವವನ್ನು ಹೆಸರಿಸುವುದು ಬೇರೆ.

ಮಕ್ಕಳ ವಿಷಯ

ಕಿವುಡ ಮಕ್ಕಳು ಭಾವ ಗುರುತಿಸುವಲ್ಲಿ ಹಿಂದುಳಿದಿದ್ದಾರೆಂದು ಕೆಲವು ಅಧ್ಯಯನಗಳೂ, ವ್ಯತ್ಯಾಸವಿಲ್ಲವೆಂದು ಇನ್ನು ಕೆಲವು ಅಧ್ಯಯನಗಳೂ ಹೇಳಿವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26 ಕಿವುಡ ಮಕ್ಕಳು ಸ್ಥಿರಚಿತ್ರಗಳಿಗಿಂತ ಚಲಿಸುವ ಮುಖಗಳಲ್ಲಿ ಭಾವವನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಅದೇ ವಯಸ್ಸಿನ ಕೇಳುವ ಮಕ್ಕಳಲ್ಲಿ ಇಂತಹ ಅಂತರ ಕಾಣಲಿಲ್ಲ. ಕೇವಲ ಛಾಯಾಚಿತ್ರದಿಂದ ಅಳೆದರೆ ಕಿವುಡ ಮಗುವಿಗೆ ಅನ್ಯಾಯವಾದೀತು.

ಇನ್ನೊಂದು ಕಾರಣ ಮನೆಯಲ್ಲಿದೆ. ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕೇಳುವ ತಂದೆತಾಯಿಯರಿಗೆ. ಅಜ್ಜಿ ಏಕೆ ಅತ್ತರು, ಅಣ್ಣ ಏಕೆ ಮುನಿದ ಎಂಬ ದಿನನಿತ್ಯದ ಮಾತುಕತೆ ಹಲವು ವೇಳೆ ಆ ಮಗುವನ್ನು ಮುಟ್ಟುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೇಲ್ ಸೀಗಲ್ ನಡೆಸಿದ ಅಧ್ಯಯನಗಳಲ್ಲಿ, ಮನೆಯಲ್ಲಿಯೇ ಸಂಜ್ಞಾಭಾಷೆಯನ್ನು ಕಲಿತು ಬೆಳೆದ ಕಿವುಡ ಮಕ್ಕಳು ಪರರ ಮನಸ್ಸನ್ನು ಅರಿಯುವಲ್ಲಿ ಕೇಳುವ ಮಕ್ಕಳಿಗೆ ಸರಿಸಮನಾಗಿದ್ದರು. ಕೊರತೆಯಿರುವುದು ಮಗುವಿನ ಬುದ್ಧಿಯಲ್ಲಲ್ಲ, ಸಂಭಾಷಣೆಯ ಅವಕಾಶದಲ್ಲಿ.

ಗಮನಿಸಬೇಕಾದದ್ದು

ಪರೀಕ್ಷೆಯ ಸೂಚನೆಗಳು ಮಗುವಿಗೆ ತಿಳಿಯುವ ಭಾಷೆಯಲ್ಲಿರಬೇಕು. ಬರೆದ ಪದಗಳ ಬದಲು ಚಿತ್ರಗಳಿಂದ ಉತ್ತರಿಸುವ ಅವಕಾಶವಿರಬೇಕು. ಒಂದೇ ಪರೀಕ್ಷೆಯಿಂದ ಮಗುವಿಗೆ ಭಾವನೆಗಳೇ ತಿಳಿಯವೆಂದು ತೀರ್ಮಾನಿಸಲಾಗದು. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ನಿಘಂಟನ್ನು ಹೊರತಂದಿದೆ. ಮನೆಮಂದಿಯೆಲ್ಲ ಕೆಲವು ಸಂಜ್ಞೆಗಳನ್ನಾದರೂ ಕಲಿತರೆ, ಮುಖದಲ್ಲಿ ಕಂಡದ್ದಕ್ಕೆ ಹೆಸರೂ ಕಾರಣವೂ ಆ ಮಗುವಿಗೆ ದೊರೆಯುತ್ತವೆ.