ಮುಕ್ತ ತಂತ್ರಾಂಶದ ಗ್ರೂಪ್‌ವೇರ್

ಒಂದು ಸಂಸ್ಥೆಯ ನೌಕರರು ಇಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ ಮತ್ತು ಕಾರ್ಯಪಟ್ಟಿಗಳನ್ನು ಪರಸ್ಪರ ಹಂಚಿಕೊಂಡು ಕೆಲಸ ಮಾಡಲು ನೆರವಾಗುವ ತಂತ್ರಾಂಶವನ್ನು ಗ್ರೂಪ್‌ವೇರ್ ಎನ್ನುತ್ತಾರೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಮತ್ತೆ ಹಂಚಲು ಪರವಾನಗಿ ಅವಕಾಶ ಕೊಟ್ಟಿದ್ದರೆ ಅದು ಮುಕ್ತ ಗ್ರೂಪ್‌ವೇರ್. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್, ಲೋಟಸ್ ನೋಟ್ಸ್ ಮೊದಲಾದ ಸ್ವಾಮ್ಯದ ವ್ಯವಸ್ಥೆಗಳಿಗೆ ಪರ್ಯಾಯವಾಗಿ ಇಂಥ ತಂತ್ರಾಂಶಗಳು 2000ದ ನಂತರದ ವರ್ಷಗಳಲ್ಲಿ, ಹೆಚ್ಚಾಗಿ ಯುರೋಪಿನಲ್ಲಿ, ರೂಪುಗೊಂಡವು.

ಇಮೇಲನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂದೂ ಕಷ್ಟದ ಕೆಲಸವಾಗಿರಲಿಲ್ಲ. ಅದಕ್ಕೆ ಬೇಕಾದ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರಿಂದಲೇ ಎಲ್ಲರಿಗೂ ತೆರೆದಿತ್ತು. ತೊಡಕಿದ್ದುದು ಕ್ಯಾಲೆಂಡರಿನಲ್ಲಿ. ಸಹೋದ್ಯೋಗಿ ಯಾವಾಗ ಬಿಡುವಾಗಿದ್ದಾರೆಂದು ನೋಡುವುದು, ಅಧಿಕಾರಿಯ ಪರವಾಗಿ ಆಪ್ತ ಸಹಾಯಕರು ಸಭೆ ಕರೆಯುವುದು, ಪ್ರತಿ ವಾರದ ಸಭೆಯಲ್ಲಿ ಒಂದನ್ನು ಮಾತ್ರ ಮುಂದೂಡುವುದು ಮುಂತಾದ ಸೌಲಭ್ಯಗಳನ್ನು 1996ರಲ್ಲಿ ಬಂದ ಎಕ್ಸ್‌ಚೇಂಜ್ ಸರ್ವರ್, ಮಾಪಿ ಎಂಬ ತನ್ನದೇ ಸಂವಹನ ವಿಧಾನದ ಮೂಲಕ ಔಟ್‌ಲುಕ್ ತಂತ್ರಾಂಶಕ್ಕೆ ಒದಗಿಸುತ್ತಿತ್ತು. ಆ ವಿಧಾನದ ಪೂರ್ಣ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಎಕ್ಸ್‌ಚೇಂಜ್ 2000ದಿಂದ, ಬಳಕೆದಾರರ ಖಾತೆಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್‌ನದೇ ಆಕ್ಟಿವ್ ಡೈರೆಕ್ಟರಿಯೂ ಕಡ್ಡಾಯವಾಗಿ, ಅಂಚೆಗೆಂದು ಒಂದು ಉತ್ಪನ್ನ ಕೊಂಡವರು ಅದೇ ಕಂಪನಿಯ ಇಡೀ ಸರ್ವರ್ ವ್ಯವಸ್ಥೆಯನ್ನೇ ಒಪ್ಪಿಕೊಳ್ಳಬೇಕಾಯಿತು.

ಇದಕ್ಕೆ ಉತ್ತರವಾಗಿ ಹುಟ್ಟಿದವುಗಳಲ್ಲಿ ಜರ್ಮನಿಯ ಕೊಲಾಬ್ ವಿಶೇಷ ಗಮನಕ್ಕೆ ಅರ್ಹವಾದುದು. ಆ ದೇಶದ ಮಾಹಿತಿ ಭದ್ರತೆಯ ಒಕ್ಕೂಟ ಕಚೇರಿಯಾದ ಬಿಎಸ್‌ಐ ತನ್ನ ಬಳಕೆಗಾಗಿ ಮೂರು ಸಣ್ಣ ಕಂಪನಿಗಳಿಂದ ಇದನ್ನು ಮಾಡಿಸಿತು. 2003ರಲ್ಲಿ ಮೊದಲ ಆವೃತ್ತಿ ಹೊರಬಂತು. ಎಲ್ಲವನ್ನೂ ಹೊಸದಾಗಿ ಬರೆಯುವ ಬದಲು, ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಸಂಗ್ರಹಿಸಿಡಲು ಸೈರಸ್, ಬಳಕೆದಾರರ ವಿವರಕ್ಕೆ ಓಪನ್‌ಎಲ್‌ಡ್ಯಾಪ್, ಹೀಗೆ ಆಗಲೇ ಪಳಗಿದ ಮುಕ್ತ ತಂತ್ರಾಂಶಗಳನ್ನು ಅದು ಒಗ್ಗೂಡಿಸಿತು. ಸಭೆಯ ವಿವರ, ವಿಳಾಸ, ಕಾರ್ಯಪಟ್ಟಿ ಎಲ್ಲವನ್ನೂ ಪ್ರತ್ಯೇಕ ದತ್ತಸಂಚಯದಲ್ಲಿಡದೆ, ಅಂಚೆಯ ಫೋಲ್ಡರುಗಳಲ್ಲೇ ಒಂದೊಂದು ಇಮೇಲಿನ ಲಗತ್ತಾಗಿ ಉಳಿಸುವುದು ಅದರ ವಿನ್ಯಾಸದ ತಿರುಳು. ಹೀಗಾಗಿ ಫೋಲ್ಡರನ್ನು ಯಾರು ನೋಡಬಹುದೆಂಬ ಅನುಮತಿಯೇ ಕ್ಯಾಲೆಂಡರಿನ ಅನುಮತಿಯೂ ಆಯಿತು, ಅಂಚೆಯ ಪ್ರತಿ ತೆಗೆದಿಟ್ಟರೆ ಉಳಿದುದೂ ಸುರಕ್ಷಿತವಾಯಿತು. ಈ ಸರಳತೆಗೆ ಬೆಲೆಯೂ ಇತ್ತು: ಕೊಲಾಬ್‌ನ ಪರಿಚಯವಿಲ್ಲದ ಇಮೇಲ್ ತಂತ್ರಾಂಶಕ್ಕೆ ಆ ಕ್ಯಾಲೆಂಡರ್ ಅರ್ಥವಾಗದ ಲಗತ್ತುಗಳ ರಾಶಿಯಾಗಿ ಕಾಣುತ್ತಿತ್ತು, ಔಟ್‌ಲುಕ್ ಬಿಡಲೊಲ್ಲದವರು ಇನ್ನೊಂದು ಖಾಸಗಿ ಕೊಂಡಿ ತಂತ್ರಾಂಶವನ್ನು ಕೊಳ್ಳಬೇಕಾಗಿತ್ತು.

ಬೇರೆ ಕೆಲವರು ಎಕ್ಸ್‌ಚೇಂಜ್‌ನ ಭಾಷೆಯನ್ನೇ ಕಲಿಯುವ ದಾರಿ ಹಿಡಿದರು. ಯುರೋಪಿಯನ್ ಆಯೋಗದ 2004ರ ಸ್ಪರ್ಧಾ ತೀರ್ಪು ಮತ್ತು ಮುಂದಿನ ಒತ್ತಡಗಳ ನಂತರ, ಮೈಕ್ರೋಸಾಫ್ಟ್ 2008ರಲ್ಲಿ ಆ ಸಂವಹನ ವಿಧಾನಗಳ ದಾಖಲೆಗಳನ್ನು ಪ್ರಕಟಿಸಿತು. ಓಪನ್‌ಚೇಂಜ್, ಈಚಿನ ಗ್ರೊಮ್ಯೂನಿಯೊ ಈ ಸಾಲಿನವು. ಆದರೆ ಎದುರಾಳಿಯ ಪ್ರತಿ ಬದಲಾವಣೆಯನ್ನೂ ಬೆನ್ನಟ್ಟಬೇಕಾದ ಈ ದಾರಿಗಿಂತ, ಕ್ಯಾಲೆಂಡರಿಗೆ 2007ರಲ್ಲೂ ವಿಳಾಸಗಳಿಗೆ 2011ರಲ್ಲೂ ಅಂತರ್ಜಾಲ ಮಾನಕಗಳಾದ ಕ್ಯಾಲ್‌ಡಾವ್ ಮತ್ತು ಕಾರ್ಡ್‌ಡಾವ್‌ಗಳನ್ನು ನೆಚ್ಚುವುದೇ ಹೆಚ್ಚು ಭದ್ರ; ಕೆನಡಾದಲ್ಲಿ ಬೆಳೆದ ಸೋಗೊ ಇವೆರಡನ್ನೂ ಬಳಸುತ್ತದೆ.

ಪರವಾನಗಿ ಮುಕ್ತವಾಗಿದ್ದ ಮಾತ್ರಕ್ಕೆ ನೆಮ್ಮದಿ ಖಾತ್ರಿಯಿಲ್ಲ. ಜಿಂಬ್ರಾ ಎಂಬ ಇನ್ನೊಂದು ಮುಕ್ತ ಗ್ರೂಪ್‌ವೇರ್ 2007ರಲ್ಲಿ ಯಾಹೂ, 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್ ಹೀಗೆ ಕೈಯಿಂದ ಕೈಗೆ ದಾಟಿ, ಒಂಬತ್ತನೆಯ ಆವೃತ್ತಿಯಿಂದ ಮುಕ್ತ ಬಳಕೆದಾರರಿಗೆ ಸಿದ್ಧ ಕಂತೆಗಳನ್ನು ಕೊಡುವುದನ್ನೇ ನಿಲ್ಲಿಸಿತು. ವಿಂಡೋಸ್ ತೊರೆದು ಮುಕ್ತ ತಂತ್ರಾಂಶಕ್ಕೆ ಬಂದಿದ್ದ ಮ್ಯೂನಿಕ್ ನಗರಾಡಳಿತ ಕೊಲಾಬನ್ನು ಆಯ್ದುಕೊಂಡಿದ್ದರೂ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಸ್ಪ್ಯಾಮ್ ತಡೆ, ಭದ್ರತಾ ದುರಸ್ತಿ, ಹಳೆಯ ಪೆಟ್ಟಿಗೆಗಳ ವರ್ಗಾವಣೆಗಳ ಹೊಣೆ ಸಂಸ್ಥೆಯ ಸ್ವಂತ ಸಿಬ್ಬಂದಿಯ ಮೇಲೆ ಬೀಳುವುದರಿಂದ, ಪರವಾನಗಿ ಶುಲ್ಕದಲ್ಲಿ ಉಳಿದ ಹಣ ಬಹುಪಾಲು ಸಂಬಳಕ್ಕೆ ಹೋಗುವುದೂ ಉಂಟು.

ಎಕ್ಸ್‌ಚೇಂಜ್ 2016 ಮತ್ತು 2019ರ ಆವೃತ್ತಿಗಳಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದೇ ತಿಂಗಳು ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮುಕ್ತ ತಂತ್ರಾಂಶಗಳಾದ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್‌ಗೆ ವರ್ಗಾಯಿಸಿರುವುದಾಗಿ ಪ್ರಕಟಿಸಿತು.