ಜಾಲಾಧಾರಿತ ಗಣಕ ವ್ಯವಸ್ಥೆ ಮತ್ತು ಮಾರುಕಟ್ಟೆ ಪೈಪೋಟಿ

ಜಾಲಾಧಾರಿತ ಗಣಕ ವ್ಯವಸ್ಥೆ ಎಂದರೆ ತಂತ್ರಾಂಶ ಹಾಗೂ ದತ್ತಾಂಶಗಳನ್ನು ದೂರದ ಸರ್ವರ್‌ಗಳಲ್ಲಿ ಇರಿಸಿ, ಜಾಲದ ಮೂಲಕ ಬಳಸುವ ಪದ್ಧತಿ. ಕ್ಲೌಡ್ ಕಂಪ್ಯೂಟಿಂಗ್ ಇದರ ಇಂದಿನ ರೂಪ. ಇಲ್ಲಿ ಯಂತ್ರಗಳ ಮಾರಾಟಕ್ಕಿಂತ ನಿರಂತರ ಸೇವೆ ಮತ್ತು ದತ್ತಾಂಶದ ಮೇಲಿನ ಹಿಡಿತ ಮುಖ್ಯವಾಗುವುದರಿಂದ, ತಂತ್ರಜ್ಞಾನ ಸಂಸ್ಥೆಗಳ ಪೈಪೋಟಿಯ ಸ್ವರೂಪ ಬದಲಾಗುತ್ತದೆ. ಕರ್ನಾಟಕದ ಭೂದಾಖಲೆಗಳ ‘ಭೂಮಿ’ ಯೋಜನೆ ಇದಕ್ಕೊಂದು ನಿದರ್ಶನ.

ಹಿನ್ನೆಲೆ

1990ರ ದಶಕದಲ್ಲಿ ಹೆಚ್ಚಿನ ವೈಯಕ್ತಿಕ ಗಣಕಯಂತ್ರಗಳು ಮೈಕ್ರೋಸಾಫ್ಟ್‌ನ ವಿಂಡೋಸ್ ಮತ್ತು ಇಂಟೆಲ್‌ನ ಚಿಪ್‌ಗಳನ್ನು ಅವಲಂಬಿಸಿದ್ದವು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಯಾವುದೇ ಯಂತ್ರದಲ್ಲಿ ನಡೆಯಬಲ್ಲ ಜಾವಾ ಭಾಷೆಯನ್ನು ಬಿಡುಗಡೆ ಮಾಡಿತು. ಅದೇ ವರ್ಷ ಒರಾಕಲ್‌ನ ಲ್ಯಾರಿ ಎಲಿಸನ್ ಅಗ್ಗದ ‘ನೆಟ್‌ವರ್ಕ್ ಕಂಪ್ಯೂಟರ್’ ಕಲ್ಪನೆಯನ್ನು ಮುಂದಿಟ್ಟರು. ಸಾಮಾನ್ಯ ಗಣಕಯಂತ್ರಗಳ ಬೆಲೆ ಇಳಿದುದರಿಂದಲೂ ಆಗಿನ ಜಾಲಗಳು ನಿಧಾನವಾಗಿದ್ದುದರಿಂದಲೂ ಆ ಯಂತ್ರ ನೆಲೆಯೂರಲಿಲ್ಲ. ಆದರೆ ಕಲ್ಪನೆ ಉಳಿಯಿತು. 2006ರಲ್ಲಿ ಅಮೆಜಾನ್ ತನ್ನ ಸರ್ವರ್‌ಗಳನ್ನು ಬಳಕೆಗೆ ತಕ್ಕಂತೆ ಬಾಡಿಗೆಗೆ ನೀಡತೊಡಗಿತು.

ಭೂಮಿ ಯೋಜನೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹೊಗೆಸೊಪ್ಪು, ಭತ್ತ ಮೊದಲಾದ ಬೆಳೆಗಳ ಪ್ರದೇಶ. ಇಲ್ಲಿನ ರೈತರಿಗೆ ಬೆಳೆಸಾಲಕ್ಕೆ ಪಹಣಿ ಅಗತ್ಯ. ಹಿಂದೆ ಕೈಬರಹದ ಪಹಣಿಯನ್ನು ಗ್ರಾಮಲೆಕ್ಕಿಗರು ನೀಡುತ್ತಿದ್ದರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ‘ಭೂಮಿ’ ತಂತ್ರಾಂಶದ ಮೂಲಕ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕೀಕೃತಗೊಂಡವು. ಗಣಕೀಕೃತ ಪಹಣಿಯ ಆರಂಭಿಕ ಶುಲ್ಕ 15 ರೂಪಾಯಿ.

ಮೊದಲ ಹಂತದಲ್ಲಿ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿದ್ದವು. ಹೀಗಾಗಿ ರೈತರು ತಾಲ್ಲೂಕು ಕೇಂದ್ರಕ್ಕೇ ಬರಬೇಕಿತ್ತು. ಕೇರಳದ ಗಡಿಯಲ್ಲಿರುವ ಡಿ.ಬಿ.ಕುಪ್ಪೆಯಂಥ ಗ್ರಾಮಗಳವರಿಗೆ ಇದು ಕಾಡುಹಾದಿಯ ದೂರದ ಪ್ರಯಾಣವಾಗಿತ್ತು. 2006ರಲ್ಲಿ ಆರಂಭವಾದ ‘ನೆಮ್ಮದಿ’ ಕೇಂದ್ರಗಳು ಜಾಲದ ಮೂಲಕ ಹೋಬಳಿ ಮಟ್ಟದಲ್ಲೇ ಪಹಣಿ ನೀಡಿದವು.

ಪೈಪೋಟಿಯ ಮೇಲಿನ ಪರಿಣಾಮ

ತಾಲ್ಲೂಕು ಹಂತದಲ್ಲಿ ಖಾಸಗಿ ಸಂಸ್ಥೆಗಳ ಪಾಲು ಯಂತ್ರಗಳ ಪೂರೈಕೆ ಮತ್ತು ದತ್ತಾಂಶ ನಮೂದಿಗೆ ಸೀಮಿತವಾಗಿತ್ತು. ನೆಮ್ಮದಿ ಯೋಜನೆಯಲ್ಲಿ ಕೋಮ್ಯಾಟ್ ಟೆಕ್ನಾಲಜೀಸ್ ಮೊದಲಾದ ಸಂಸ್ಥೆಗಳು ಕೇಂದ್ರಗಳನ್ನೇ ನಡೆಸಿ, ಪ್ರತಿ ದಾಖಲೆಯ ಶುಲ್ಕದಿಂದ ಆದಾಯ ಪಡೆಯತೊಡಗಿದವು. 2012ರಲ್ಲಿ ಈ ಸೇವೆ ಸರ್ಕಾರದ ನಾಡಕಚೇರಿಗಳಲ್ಲಿನ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಗೆ ವರ್ಗವಾಯಿತು. ತಂತ್ರಾಂಶ ಮತ್ತು ದತ್ತಾಂಶಗಳ ಒಡೆತನ ಸರ್ಕಾರದ್ದೇ ಆಗಿದ್ದುದರಿಂದ, ನಿರ್ವಾಹಕರು ಬದಲಾದರೂ ದಾಖಲೆಗಳು ಉಳಿದವು.

ಕೃಷಿ ಮಾರುಕಟ್ಟೆಯಲ್ಲೂ ಇದೇ ಪ್ರಶ್ನೆ ಎದುರಾಯಿತು. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜಂಟಿಯಾಗಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯು ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಒದಗಿಸಿತು. 2016ರ ಏಪ್ರಿಲ್ 14ರಂದು ಕೇಂದ್ರದ ಇ-ನಾಮ್ ಆರಂಭವಾಯಿತು. 2020ರಲ್ಲಿ ಎರಡೂ ವೇದಿಕೆಗಳ ನಡುವೆ ಪರಸ್ಪರ ವ್ಯವಹಾರಕ್ಕೆ ಅವಕಾಶ ಕಲ್ಪಿಸಲಾಯಿತು.

ಅನುಕೂಲ ಮತ್ತು ಮಿತಿಗಳು

ಸ್ವಂತ ಸರ್ವರ್ ಕೊಳ್ಳಲಾಗದ ಸಣ್ಣ ಸಂಸ್ಥೆಗಳೂ ಜಾಲದ ಮೂಲಕ ದೊಡ್ಡ ಸಂಸ್ಥೆಗಳೊಡನೆ ಸ್ಪರ್ಧಿಸಬಹುದು. ಆದರೆ ದತ್ತಾಂಶವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದು ಕಷ್ಟವಾದಲ್ಲಿ ಗ್ರಾಹಕರು ಒಂದೇ ಸಂಸ್ಥೆಗೆ ಕಟ್ಟುಬೀಳುತ್ತಾರೆ. ಮುಕ್ತ ಮಾನದಂಡಗಳು ಮತ್ತು ದತ್ತಾಂಶದ ಸ್ಪಷ್ಟ ಒಡೆತನ ಈ ಅಪಾಯವನ್ನು ತಗ್ಗಿಸುತ್ತವೆ. ಜಾಲ ಕಡಿದುಹೋದಾಗ ಸೇವೆಯೇ ನಿಲ್ಲುವುದು ಈ ವ್ಯವಸ್ಥೆಯ ಇನ್ನೊಂದು ಮಿತಿ.