ಮಂಗಳೂರಿನ ಯಹೂದಿ ವರ್ತಕನ ಮುಪ್ಪು

ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ. ಹುಟ್ಟೂರು ಉತ್ತರ ಆಫ್ರಿಕಾದ ಮಹ್ದಿಯಾ. 1132ರಲ್ಲಿ ಈತ ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಮೆಣಸು, ಏಲಕ್ಕಿ ಈತನ ಸರಕು. ಅಡಿಕೆ, ಕಬ್ಬಿಣಗಳ ವ್ಯಾಪಾರವೂ ಇತ್ತು, ಹಿತ್ತಾಳೆ ಪಾತ್ರೆಯ ಕಾರ್ಖಾನೆಯೂ ಇತ್ತು. ಬೊಮ್ಮ ಎಂಬ ದಾಸ ಈತನ ಪರವಾಗಿ ಯೆಮೆನ್‌ನ ಏಡನ್ ಬಂದರಿಗೆ ಹೋಗಿ ವ್ಯವಹಾರ ನೋಡುತ್ತಿದ್ದ. ಹೀಗೆ ಸುಮಾರು ಹದಿನೇಳು ವರ್ಷ ಕಳೆದು, 1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಹೋದ.

ಮುಪ್ಪಿನತ್ತ ಸಾಗಿದ್ದ ಆತನ ಸಮುದಾಯಕ್ಕೆ ವಯಸ್ಸಾದವರ ಬಗ್ಗೆ ಸ್ಪಷ್ಟ ಕಟ್ಟಳೆಗಳಿದ್ದವು. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕೆಂಬುದು ಯಹೂದಿಗಳ ಧರ್ಮಗ್ರಂಥವಾದ ತೋರಾದ ಯಾಜಕಕಾಂಡದ ವಿಧಿ. ಅರಣ್ಯಕಾಂಡದಲ್ಲಿ ನಿವೃತ್ತಿಯ ಮಾತೂ ಬರುತ್ತದೆ: ದೇವಸೇವೆಯ ಲೇವಿಯರು ಐವತ್ತಕ್ಕೆ ದುಡಿಮೆಯಿಂದ ಬಿಡುಗಡೆ ಪಡೆಯಬೇಕು, ಆದರೆ ಕಾವಲಿನಲ್ಲಿ ಕಿರಿಯರಿಗೆ ನೆರವಾಗಬೇಕು. ದುಡಿಮೆ ನಿಂತರೂ ಹೊಣೆ ಉಳಿಯಿತು. ಹಿರಿಯರ ನೀತಿವಾಕ್ಯಗಳ ಸಂಗ್ರಹವಾದ ‘ಪಿರ್ಕೆ ಆವೋತ್’ ಐವತ್ತನ್ನು ಸಲಹೆಯ ವಯಸ್ಸೆಂದೂ, ಅರವತ್ತನ್ನು ಹಿರಿತನದ, ಎಂಬತ್ತನ್ನು ಬಲದ ವಯಸ್ಸೆಂದೂ ಎಣಿಸುತ್ತದೆ. ತಂದೆತಾಯಿಗೆ ಉಣಿಸಿ ತೊಡಿಸುವುದು, ಕೈಹಿಡಿದು ನಡೆಸುವುದು ಗೌರವ; ಅವರ ಜಾಗದಲ್ಲಿ ಕೂರದಿರುವುದು, ಎದುರಾಡದಿರುವುದು ಭಯಭಕ್ತಿ ಎಂದು ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವಾದ ತಲ್ಮೂದ್ ವಿಂಗಡಿಸುತ್ತದೆ. ನೆನಪು ಮಾಸಿದ ಮುದುಕನಿಗೂ ಅದೇ ಮರ್ಯಾದೆ. ಪ್ರವಾದಿ ಮೋಶೆ ಒಡೆದ, ದೇವರ ಆಜ್ಞೆಗಳಿದ್ದ ಕಲ್ಲುಹಲಗೆಗಳನ್ನು ಎಸೆಯದೆ, ಹೊಸ ಹಲಗೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರೆಂಬುದು ಅದಕ್ಕೆ ಕೊಟ್ಟ ಕಾರಣ.

ವರ್ತಕರ ಬದುಕಿನಲ್ಲಿ ಇದಕ್ಕೆಲ್ಲ ಆಧಾರ ಬಂಧುಬಳಗ. ಬೆನ್ ಯಿಜು ಏಡನ್ನಿಗೆ ಬರುವ ಮುನ್ನ, 1148ರಲ್ಲಿ, ಮಹ್ದಿಯಾ ಸಿಸಿಲಿಯ ನಾರ್ಮನ್ನರ ವಶವಾಗಿತ್ತು. ಬಳಗ ದಿಕ್ಕುಪಾಲಾಗಿ ಸಿಸಿಲಿ ಸೇರಿತ್ತು. ಏಡನ್ನಿನಿಂದ ಆತ ಒಡಹುಟ್ಟಿದವರಿಗೆ ಪತ್ರ ಬರೆದು, ತನ್ನ ಗಳಿಕೆ ಎಲ್ಲರಿಗೂ ಸಾಕಾಗುತ್ತದೆ, ಬಂದು ಸೇರಿಕೊಳ್ಳಿ ಎಂದು ಕರೆದ. ಮುಂದೆ ಮುಬಶ್ಶಿರ್ ಎಂಬ ಸಹೋದರನಿಂದಲೇ ಹಣ ಕಳೆದುಕೊಂಡ; ಯೆಮೆನ್‌ನಲ್ಲಿ ಮಗನೂ ತೀರಿಕೊಂಡ. ಉಳಿದದ್ದು ಮಗಳು ಸಿತ್ ಅಲ್-ದಾರ್. ಏಡನ್ನಿನ ಸ್ಥಿತಿವಂತರ ಮನೆಯ ಸಂಬಂಧವನ್ನು ಬಿಟ್ಟು, ಸಹೋದರ ಯೋಸೇಫನ ಮಗನಿಗೇ ಅವಳನ್ನು ಕೊಡಲು ನಿಶ್ಚಯಿಸಿದ. ಕನ್ನಡ ನಾಡಿನಲ್ಲಿ ಸೋದರತ್ತೆ, ಸೋದರಮಾವನ ಮಕ್ಕಳು ಸಲ್ಲುವಂತೆ ಯಹೂದಿಗಳಲ್ಲಿ ಅಣ್ಣತಮ್ಮಂದಿರ ಮಕ್ಕಳೂ ಸಲ್ಲುತ್ತಿದ್ದರು. ಈಜಿಪ್ಟಿನ ಫುಸ್ತಾತ್‌ನಲ್ಲಿ 1156ರಲ್ಲಿ ಮದುವೆ ನಡೆಯಿತು.

ಬಳಗವಿಲ್ಲದವರನ್ನು ಸಮುದಾಯ ನೋಡಿಕೊಳ್ಳುತ್ತಿತ್ತು. ಫುಸ್ತಾತ್‌ನಲ್ಲಿ ದತ್ತಿಯ ಮನೆಗಳ ಬಾಡಿಗೆ, ವಂತಿಗೆಗಳ ಹಣದಿಂದ ಬಡವರಿಗೆ ವಾರಕ್ಕೆರಡು ಸಲ ರೊಟ್ಟಿ ಹಂಚುತ್ತಿದ್ದರು. ಆ ಹಂಚಿಕೆಯ ಪಟ್ಟಿಗಳಲ್ಲಿ ವಿಧವೆಯರು, ಕುರುಡರು, ಕೈಲಾಗದವರು ಇದ್ದಾರೆ. ಮುಂದೆ ಅದೇ ಊರಿನಲ್ಲಿ ನೆಲೆಸಿದ ವೈದ್ಯ ಮೈಮೋನಿಡೀಸ್ (1138–1204) ಹಿರಿಯರ ಬಗೆಗಿನ ಕಟ್ಟಳೆಗಳನ್ನು ಕ್ರೋಡೀಕರಿಸಿದ. ವಿದ್ವಾಂಸನಲ್ಲದ ಮುದುಕನ ಮುಂದೆಯೂ ಏಳಬೇಕು, ಅನ್ಯಧರ್ಮದ ವೃದ್ಧನಿಗೂ ಮರ್ಯಾದೆಯ ಮಾತಾಡಿ ಕೈಯಾಸರೆ ಕೊಡಬೇಕು ಎಂದ. ಬುದ್ಧಿ ಭ್ರಮಣೆಯಾದ ತಂದೆತಾಯಿಯನ್ನು ನೋಡಿಕೊಳ್ಳುವುದು ಕೈಮೀರಿದರೆ ಬೇರೆಯವರ ಆರೈಕೆಗೆ ಒಪ್ಪಿಸಲು ಅವಕಾಶವನ್ನೂ ಕೊಟ್ಟ.

ದೇವರ ಹೆಸರಿರುವ ಹಳೆಯ ಬರಹವನ್ನು ಯಹೂದಿಗಳು ಸುಡುವುದಿಲ್ಲ, ಎಸೆಯುವುದಿಲ್ಲ. ಗೆನೀಜಾ ಎಂಬ ಕೋಣೆಯಲ್ಲಿ ಇಡುತ್ತಾರೆ. ಒಡೆದ ಹಲಗೆಗೆ ಸಂದ ಮರ್ಯಾದೆಯೇ ಸವೆದ ಕಾಗದಕ್ಕೂ ಸಂದಿತು. ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನ ಗೆನೀಜಾದಿಂದ 1897ರ ಹೊತ್ತಿಗೆ ವಿದ್ವಾಂಸ ಸೊಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದ ಕಾಗದಗಳಲ್ಲಿ ಬೆನ್ ಯಿಜುವಿನ ಪತ್ರಗಳೂ ಇವೆ. ಮಂಗಳೂರಿನ ಈ ವರ್ತಕನ ಕಥೆ ತಿಳಿದಿರುವುದು ಗೆನೀಜಾದ ಇಂಥ ಕಾಗದಗಳಿಂದಲೇ.